ಹನ್ನೊಂದು ಕುಣಿಕೆಯ ಎಳೆ

ಕೂತ ಕಡೆ ಕೂರುವ ಜಾಯಮಾನ ಅಕ್ಕನದಲ್ಲ. ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಕಿಟಕಿಯ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತಿದ್ದಳು. ಬಂದು ಕೂತು, ಮತ್ತೆ ಎದ್ದು, ಒಲೆ ಆರಿದೆಯೇ ಎಂದು ನೋಡುತ್ತಿದ್ದಳು. ತಮ್ಮ ಅವಳಿಗೆ ಬುಗುರಿ ಎಂದು ಹೆಸರಿಟ್ಟದ್ದು ಅವಳಿಗೆ ಹತ್ತು, ಅವನಿಗೆ ಏಳು ವರ್ಷವಿದ್ದಾಗ. ಈಗ ಅವಳಿಗೆ ಐವತ್ತಾರು ದಾಟಿದೆ, ಹೆಸರು ಹಾಗೇ ಉಳಿದಿದೆ, ಸುತ್ತುವುದೂ ನಿಂತಿಲ್ಲ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಅವಳಿಗೆಂದು ಕೊಟ್ಟ ಕುರ್ಚಿ ಇಪ್ಪತ್ತು ವರ್ಷವಾದರೂ ಮೊನ್ನೆ ತಂದದ್ದರಂತೆ ಕಾಣುತ್ತಿತ್ತು. ಅವಳು ಅದರ ಮೇಲೆ ಕೈಚೀಲ ಇಡುತ್ತಿದ್ದಳು, ಅಷ್ಟೇ.

ಇಂಥವಳು ಮೂರು ವಾರದಿಂದ ಹೆಣಿಗೆ ಹಿಡಿದು ಕೂತಿದ್ದಾಳೆಂದರೆ ಕಾರಣ ಸಣ್ಣದಿರಲಾರದು. ಕಾರಣ, ತಮ್ಮನ ಬಲಗೈ.

ತಮ್ಮನದು ಬೀಗದ ಕೆಲಸ. ಬೀದಿಯ ತಿರುವಿನಲ್ಲಿ ಅಪ್ಪ ಬಿಟ್ಟುಹೋದ ತಗಡಿನ ಗೂಡಂಗಡಿ. ಒಳಗೆ ಒಬ್ಬರು ಕೂರಬಹುದು, ಆ ಒಬ್ಬರೂ ಮೊಣಕೈ ಚಾಚುವಂತಿಲ್ಲ. ಮೂರು ಗೋಡೆಗೂ ಕೀಲಿಕೈಗಳು ನೇತಾಡುತ್ತವೆ, ನಾಲ್ಕನೆಯ ಕಡೆ ಗಾಳಿ ನುಗ್ಗುತ್ತದೆ. ಬೀದಿಯವರಿಗೆಲ್ಲ ಅವನು ಬೀಗದಣ್ಣ. ಒಂದು ಕೀಲಿ ನೋಡಿ ಇನ್ನೊಂದು ಮಾಡಿಕೊಡುವುದು ಯಂತ್ರದ ಕೆಲಸ, ಅದನ್ನು ಯಾರು ಬೇಕಾದರೂ ಮಾಡಿಯಾರು. ಅವನ ಹೆಸರು ಇದ್ದದ್ದು ಕೀಲಿಯೇ ಇಲ್ಲದ ಬೀಗ ತೆಗೆಯುವುದರಲ್ಲಿ. ಬಾಗಿಲು ಎಳೆದುಕೊಂಡು ಹೊರಗೇ ಸಿಕ್ಕಿಬಿದ್ದವರು ಓಡಿ ಬಂದರೆ ಎರಡು ತೆಳು ಕಂಬಿ ಜೇಬಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಬೀಗದ ಹೊಟ್ಟೆಯಲ್ಲಿ ಐದಾರು ಪುಟ್ಟ ಮೊಳೆಗಳಿರುತ್ತವೆ, ಒಂದೊಂದನ್ನೇ ಎತ್ತಿ ನಿಲ್ಲಿಸಬೇಕು. ನಿಂತಿತೋ ಜಾರಿತೋ ಕಣ್ಣಿಗೆ ಕಾಣುವಂಥದ್ದಲ್ಲ. ಬೆರಳ ತುದಿಗೆ ತಿಳಿಯಬೇಕು. ಅಪ್ಪ ಇದನ್ನು ಅವನಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಕಲಿಸಿದ್ದ, ಮೊದಲಿಗೆ ಒಂದೊಂದು ಬೆರಳು ಹಿಡಿದು ಇದು ಯಾವುದು ಹೇಳು ಎಂದು ಕೇಳುತ್ತಿದ್ದ. ಅಕ್ಕನಿಗೂ ಕಲಿಸಲು ನೋಡಿದ್ದ, ಅವಳು ಎರಡನೆಯ ಮೊಳೆ ನಿಲ್ಲುವ ಮೊದಲೇ ಎದ್ದು ಓಡಿದ್ದಳು.

ಮೊದಲು ಜಾರಿದ್ದು ಚಹಾದ ಲೋಟ. ಲೋಟ ಯಾರ ಕೈಯಿಂದಲೂ ಜಾರುತ್ತದೆ, ಬಿಡಿ. ಆಮೇಲೆ ತಮ್ಮ ಅಂಗಿಯ ಮೇಲಿನ ಎರಡು ಗುಂಡಿ ಹಾಕದೆ ಹೋಗತೊಡಗಿದ. ಕೇಳಿದರೆ ಶೋಕಿ ಎಂದ. ಐವತ್ತಮೂರಕ್ಕೆ ಶೋಕಿ! ಅದೂ ಹಲ್ಲು ಕಟಕಟ ಎನ್ನುವ ಚಳಿಯಲ್ಲಿ. ಆಮೇಲೆ ಎದುರು ಮನೆಯ, ಶಾಲೆಯಿಂದ ನಿವೃತ್ತರಾದ ಹೆಡ್‌ಮೇಡಂ ಬಾಗಿಲ ಮುಂದೆ ಮುಕ್ಕಾಲು ಗಂಟೆ ಮಂಡಿಯೂರಿ ಕೂತು, ಕೊನೆಗೆ ಬೀಗವನ್ನೇ ಕೊರೆದು ತೆಗೆದ. ಬೀಗ ಕೊರೆಯುವುದೆಂದರೆ ಅವನ ಮಟ್ಟಿಗೆ ಗೋಡೆ ಒಡೆದು ಒಳಗೆ ನುಗ್ಗಿದಷ್ಟು ಅವಮಾನ. ಅದಾದ ಮೇಲೊಂದು ದಿನ ಅವನ ಕಂಬಿಯ ಮರದ ಹಿಡಿಯ ಮೇಲೆ ಹಲ್ಲಿನ ಗುರುತುಗಳು ಕಂಡವು. ಹೊಸ ಹಲ್ಲು ಬರುತ್ತಿದೆಯೇನು ಎಂದು ಅಕ್ಕ ರೇಗಿಸಿದಳು. ಯಾವಾಗಲೂ ಎರಡು ಮಾತು ಹೆಚ್ಚಿಗೆ ತಿರುಗಿಸುವವನು ಅಂದು ಕಂಬಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡು ಎದ್ದುಹೋದ.

ಅಕ್ಕ ಅವನ ಬಲಗೈಯನ್ನು ಕದ್ದು ಗಮನಿಸತೊಡಗಿದ್ದು ಅಂದಿನಿಂದ. ಗಂಡ ತೀರಿಕೊಂಡ ಮೇಲೆ ಈ ಎರಡು ಕೋಣೆಯ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ತಮ್ಮನಿಗೆ ಮದುವೆಯಿಲ್ಲ, ಅವಳಿಗೆ ಮಕ್ಕಳಿಲ್ಲ, ಇಬ್ಬರಿಗೂ ಇಬ್ಬರೇ. ಆ ಬೆರಳುಗಳು ಹೋದರೆ ಗೂಡಂಗಡಿ ಹೋಯಿತು, ಗೂಡಂಗಡಿ ಹೋದರೆ ಅವನಲ್ಲಿ ಅವನು ಎನ್ನುವಂಥದ್ದು ಏನೂ ಉಳಿಯುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದು ಅವಳು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಧ್ಯಾಹ್ನ ಅಂಚೆ ಕಚೇರಿಯ ಫೋನಿನಿಂದ ಒಮ್ಮೆ ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಚಳಿ ಕಣೇ ಅಕ್ಕ, ಬರೀ ಚಳಿ," ಎಂದ. "ಆ ತಗಡಿನ ಡಬ್ಬದಲ್ಲಿ ಒಂದು ಗಂಟೆ ಕೂತು ನೋಡು, ನಿನ್ನ ಬೆರಳೂ ಮರಗಟ್ಟುತ್ತೆ. ಅದಿರಲಿ, ನಿನಗೆ ಒಂದು ಗಂಟೆ ಕೂರೋಕೆ ಆಗುತ್ತಾ?"

ಆಗ ಅವಳಿಗೆ ಹೊಳೆದದ್ದು ಬೆರಳಿಲ್ಲದ ಕೈಗವಸು. ಅಂಗೈ, ಮಣಿಕಟ್ಟು ಬೆಚ್ಚಗಿರುತ್ತದೆ, ಬೆರಳುಗಳು ಕೆಲಸಕ್ಕೆ ಹೊರಗಿರುತ್ತವೆ. ಚಳಿಯೇ ಆಗಿದ್ದರೆ ಇದಕ್ಕೆ ಹೋಗಬೇಕು, ಹೋಗದಿದ್ದರೆ ಅದು ಚಳಿಯಲ್ಲ. ಅವಳು ಕಟ್ಟುನಿಟ್ಟಾಗಿ ಕರಾರು ಹಾಕಿದಳು: ತಾನು ಹೆಣೆದು ಕೊಡುವುದು, ಅವನು ಒಂದು ವಾರ ಹಾಕಿಕೊಳ್ಳುವುದು, ಆಮೇಲೂ ಬೆರಳು ಮರಗಟ್ಟಿದರೆ ಬಾಯಿ ಮುಚ್ಚಿಕೊಂಡು ಡಾಕ್ಟರ ಹತ್ತಿರ ಬರುವುದು. ತಮ್ಮ ತಕ್ಷಣ ಒಪ್ಪಿದ. ಒಪ್ಪದೆ ಏನು, ಮನೆಯ ಕಪಾಟಿನಲ್ಲಿ ಒಂದು ತೋಳಿನ ಸ್ವೆಟರು, ಹಿಮ್ಮಡಿಯವರೆಗೆ ಬಂದು ನಿಂತ ಕಾಲುಚೀಲ, ಕುತ್ತಿಗೆ ಸುತ್ತಲೂ ಬಾರದ ಮಫ್ಲರು ಎಲ್ಲ ಅಕ್ಕನ ಕೈಯಲ್ಲೇ ಹುಟ್ಟಿ ಅರ್ಧಕ್ಕೆ ಕೂತಿದ್ದವು. ಇದೂ ಅಲ್ಲಿಗೇ ಸೇರುತ್ತದೆ ಎಂದುಕೊಂಡು ಅವನು ನಿಶ್ಚಿಂತನಾದ.

ಅವನು ಲೆಕ್ಕ ಹಾಕದೆ ಹೋದದ್ದು ಅವಳ ಭಯವನ್ನು. ಅಕ್ಕ ಉಣ್ಣೆಯಂಗಡಿಗೆ ಹೋಗಿ ಕಡುನೀಲಿ ಮತ್ತು ಸಾಸಿವೆ ಬಣ್ಣದ ಎರಡೆರಡು ಉಂಡೆ ತಂದಳು. ಒಂದೇ ಬಣ್ಣದಲ್ಲಿ ಹೆಣೆದಿದ್ದರೆ ನಾಲ್ಕು ದಿನದ ಕೆಲಸ. ಆದರೆ ತಮ್ಮನಿಗೆ ಹೆಣೆಯುವಾಗ ಬರೀ ನೀಲಿ ಹೇಗೆ? ಚೌಕಳಿ ಕಾಗದದ ಮೇಲೆ ತಾನೇ ನಕ್ಷೆ ಬರೆದಳು: ನೀಲಿಯ ಮೇಲೆ ಸುತ್ತಲೂ ಸಾಸಿವೆ ಬಣ್ಣದ ಪುಟ್ಟ ಕೀಲಿಕೈಗಳು, ದುಂಡು ತಲೆ, ಉದ್ದ ಕಾಂಡ, ತುದಿಯಲ್ಲಿ ಎರಡು ಹಲ್ಲು. ನಕ್ಷೆ ನೋಡಿ ಉಣ್ಣೆಯಂಗಡಿಯಾಕೆ ಹುಬ್ಬು ಗಂಟಿಕ್ಕಿದಳು. ಒಂದು ಕೀಲಿಗೂ ಇನ್ನೊಂದಕ್ಕೂ ನಡುವೆ ಹನ್ನೊಂದು ಕುಣಿಕೆಯಷ್ಟು ಬರೀ ನೀಲಿ ಬಿಟ್ಟಿದ್ದೀರಲ್ಲ, ಇದು ಬಹಳವಾಯಿತು ಎಂದಳು.

ಎರಡು ಬಣ್ಣದ ಹೆಣಿಗೆಯ ಮರ್ಮವೆಲ್ಲ ಒಳಮೈಯಲ್ಲಿದೆ. ಮುಂದೆ ನೀಲಿ ಹೆಣೆಯುತ್ತಿರುವಾಗ ಸಾಸಿವೆ ಎಳೆ ಹಿಂದುಗಡೆ ಸುಮ್ಮನೆ ಹಾದುಹೋಗುತ್ತಿರುತ್ತದೆ, ತನ್ನ ಸರದಿ ಬರುವವರೆಗೆ. ಮೂರು ನಾಲ್ಕು ಕುಣಿಕೆಗೊಮ್ಮೆ ಬಣ್ಣ ಬದಲಾದರೆ ತೊಂದರೆಯಿಲ್ಲ. ಅದಕ್ಕಿಂತ ಉದ್ದವಾದರೆ ನಡುನಡುವೆ ಆ ಎಳೆಯನ್ನು ನೀಲಿಯ ಜೊತೆ ಒಂದು ಸುತ್ತು ತಿರುಚಿ ಹಿಡಿಯಬೇಕು. ಹಿಡಿಯದಿದ್ದರೆ ಒಳಗೆಲ್ಲ ಜೋಲು ಎಳೆಗಳು, ಕೈ ತೂರಿಸಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಅಂಗಡಿಯಾಕೆ ಇದನ್ನು ಎರಡು ಸಲ ಹೇಳಿದಳು. ಅಕ್ಕ ಗೊತ್ತು, ಗೊತ್ತು ಎನ್ನುತ್ತ ಅಷ್ಟರಲ್ಲಿ ಅರ್ಧ ಮೆಟ್ಟಿಲುಗಳನ್ನು ಇಳಿದಾಗಿತ್ತು.

ಮೊದಲನೆಯ ಕೈಗವಸನ್ನು ಅವಳು ಪಾಠ ಒಪ್ಪಿಸುವ ಹಾಗೆ ಹೆಣೆದಳು. ನಾಲ್ಕು ಕುಣಿಕೆಗೊಮ್ಮೆ ಎಳೆ ಹಿಡಿದಳು, ಒಂದೂ ತಪ್ಪಿಸಲಿಲ್ಲ. ಬಸ್ಸಿನಲ್ಲಿ ಹೆಣೆದಳು, ಕೌಂಟರಿನ ಕೆಳಗೆ ಕದ್ದು ಹೆಣೆದಳು, ಒಲೆಯ ಮುಂದೆ ನಿಂತು ಹೆಣೆದಳು. ಆದರೆ ಹೆಣೆಯುವ ಕೈಯ ಹಿಂದೆ ಮನಸ್ಸು ನಿಲ್ಲಬೇಕಲ್ಲ? ಇವತ್ತು ಬೆಳಗ್ಗೆ ಅವನು ಚಮಚವನ್ನು ಎಡಗೈಯಲ್ಲಿ ಹಿಡಿದಿದ್ದನೇ? ನಿನ್ನೆ ಬೇಗ ಅಂಗಡಿ ಮುಚ್ಚಿದ್ದೇಕೆ? ಒಂದೊಂದು ಪ್ರಶ್ನೆಗೂ ಎಳೆ ಒಂದೊಂದು ಜಗ್ಗು ಜಗ್ಗುತ್ತಿತ್ತು. ಪಕ್ಕದ ಸ್ಟಾಂಪ್ ಕೌಂಟರಿನವನು, ಮೇಡಂ, ಯಾರ ಕತ್ತು ಹಿಸುಕುತ್ತಿದ್ದೀರಿ ಎಂದು ಕೇಳಿಯೇಬಿಟ್ಟ. ಹತ್ತು ದಿನಕ್ಕೆ ಮುಗಿದ ಕೈಗವಸು ನೋಡಲು ಲಕ್ಷಣವಾಗಿತ್ತು; ಹಿಡಿದರೆ ಹಲಗೆಯಂತಿತ್ತು. ಅವಳ ಸಣ್ಣ ಕೈಯೇ ಗೆಣ್ಣಿನ ಹತ್ತಿರ ನಿಂತುಬಿಟ್ಟಿತು, ಒಂದಂಗುಲ ಮುಂದೆ ಹೋಗಲಿಲ್ಲ.

ಇನ್ನೊಬ್ಬಳಾಗಿದ್ದರೆ ಅತ್ತುಬಿಡುತ್ತಿದ್ದಳು. ಅಕ್ಕ ಆ ಸಂಜೆಯೇ ನಿಂತ ನಿಲುವಿನಲ್ಲಿ ಎಲ್ಲ ಬಿಚ್ಚಿದಳು. ಬಿಚ್ಚಿ ಮತ್ತೆ ಮೊದಲ ಕುಣಿಕೆ ಹಾಕುವಾಗ ಒಂದು ನಿರ್ಧಾರ ಮಾಡಿದಳು: ಈ ಸಲ ಎಳೆ ಹಿಡಿಯುವುದೇ ಇಲ್ಲ. ಹಿಡಿದರೆ ತಾನೇ ಜಗ್ಗುವುದು? ಹನ್ನೊಂದು ಕುಣಿಕೆಯ ಉದ್ದಕ್ಕೂ ಸಾಸಿವೆ ಎಳೆಯನ್ನು ಸಡಿಲವಾಗಿ ಬಿಟ್ಟುಬಿಟ್ಟಳು. ಕೆಲಸ ಕುದುರೆಯಂತೆ ಓಡಿತು. ಎಂಟೇ ದಿನದಲ್ಲಿ ಎರಡೂ ಕೈಗವಸು ಮುಗಿದವು. ಹೊರಮೈ ಮೆತ್ತಗೆ, ನುಣ್ಣಗೆ, ಕೀಲಿಗಳ ಸಾಲು ಚೊಕ್ಕ. ಒಳಮೈ ತಿರುಗಿಸಿದರೆ ಜೇಡನ ಬಲೆ. ತನ್ನ ಕೈಗೆ ಹಾಕಿ ನೋಡಿದಾಗ ಬೆರಳು ಮೂರು ಸಲ ಸಿಕ್ಕಿಕೊಂಡಿತು, ಮೂರು ಸಲವೂ ಬಿಡಿಸಿಕೊಂಡಳು. ಸಿಕ್ಕರೆ ಅವನೂ ಬಿಡಿಸಿಕೊಳ್ಳುತ್ತಾನೆ, ಅವನೇನು ಹಾಲುಗೂಸೇ ಎಂದುಕೊಂಡಳು.

ಭಾನುವಾರ ಮಧ್ಯಾಹ್ನ ನಾಲ್ಕರ ಹೊತ್ತು. ತಮ್ಮ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ರೇಡಿಯೋದ ಹೊಟ್ಟೆ ಬಿಚ್ಚಿಟ್ಟುಕೊಂಡಿದ್ದ. ಅಕ್ಕ ಎರಡು ಕೈಗವಸನ್ನೂ ಅವನ ಮುಂದೆ ಇಟ್ಟಳು. ಅವನು ಅವನ್ನು ನೋಡಿದ, ಅವಳನ್ನು ನೋಡಿದ, ಕಪಾಟಿನ ಕಡೆ ನೋಡಿದ.

"ಮುಗಿಸಿಬಿಟ್ಯಾ?"

"ಮಾತು ಕೊಟ್ಟಿದ್ದೀಯ. ಹಾಕ್ಕೋ."

ಅವನು ಮೊದಲು ಎಡಗೈ ತೂರಿಸಿದ. ಅರ್ಧ ಹೋಗುವಷ್ಟರಲ್ಲಿ ಮುಖ ಕಿವುಚಿ, ಒಳಗೆ ಏನೋ ಗಾಳ ಹಾಕಿದ್ದೀಯ, ಉಂಗುರಬೆರಳು ಮೀನಿನ ಹಾಗೆ ಸಿಕ್ಕಿತು ಎಂದ. ಕೈ ಹಿಂದೆ ತೆಗೆದು, ಬೆರಳು ಬಿಡಿಸಿ, ಮತ್ತೆ ಮೆಲ್ಲಗೆ ತೂರಿಸಿದ. ಈ ಸಲ ಸರಾಗವಾಗಿ ಹೋಯಿತು. ಅಂಗೈ ಮೇಲೆ ಕೆಳಗೆ ತಿರುಗಿಸಿ ಕೀಲಿಗಳನ್ನು ಎಣಿಸಿದ. ಆರು ಇದ್ದವು. ಹಲ್ಲು ನೋಡಿದರೆ ಇದು ಯಾವ ಬೀಗಕ್ಕೂ ಹೋಗುವುದಿಲ್ಲ ಎಂದು ತಮಾಷೆ ಮಾಡಿದನಾದರೂ ಅವನ ಕಣ್ಣು ಅರಳಿತ್ತು. ಅಕ್ಕ ನಿಂತಲ್ಲೇ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಅವಳಿಗೆ ಬೇಕಾದದ್ದು ಬಲಗೈ.

ಬಲಗೈ ಒಂದೇ ಏಟಿಗೆ ಹೋಯಿತು. ಮಣಿಕಟ್ಟಿನ ಪಟ್ಟಿ ಹಿಡಿದು ಅವನು ಜೋರಾಗಿ ಎಳೆದುಕೊಂಡ, ನಾಲ್ಕು ಬೆರಳೂ ಮೇಲಿನ ಬಾಯಿಂದ ಹೊರಬಂದವು. ಗಾಳವಿಲ್ಲ, ಮೀನಿಲ್ಲ, ತಮಾಷೆಯಿಲ್ಲ. ಅಬ್ಬ ಎಂದುಕೊಂಡಳು ಅಕ್ಕ. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದದ್ದು ಒಂದು ಕ್ಷಣ ಎದ್ದುಹೋದ ಹಾಗಾಯಿತು. ತಮ್ಮ ಎರಡು ಕೈಯನ್ನೂ ಎತ್ತಿ ಗಾಳಿಯಲ್ಲಿ ಆಡಿಸುತ್ತ, ಬೆಚ್ಚಗಿದೆ, ಈಗಲೇ ಬೆರಳು ಸರಿಹೋದ ಹಾಗಿದೆ, ಇನ್ನು ಯಾವ ಡಾಕ್ಟರೂ ಬೇಡ ಎಂದು ಹೇಳುತ್ತಲೇ ಇದ್ದ. ರೇಡಿಯೋ ಮುಚ್ಚಳದ ತಿರುಪು ಹಾಕಲು ಹೊರಟ.

ಹೆಣೆದವರ ಕಣ್ಣು ಹೊರಮೈಯ ಮೇಲೆ ಹಾಗೇ ಜಾರಿಹೋಗುವುದಿಲ್ಲ. ಬಲಗೈಯ ನಡುವಿನ ಕೀಲಿ ಸೊಟ್ಟಗಾಗಿತ್ತು. ಅದರ ಪಕ್ಕದ ನೀಲಿ ಸಾಲು ಒಳಕ್ಕೆ ಸೇದಿಕೊಂಡು ಸುಕ್ಕುಗಟ್ಟಿತ್ತು. ಒಳಗಿನ ಎಳೆಯನ್ನು ಯಾರೋ ಬಿಗಿಯಾಗಿ ಜಗ್ಗಿ ಹಿಡಿದಿದ್ದರೆ ಮಾತ್ರ ಹಾಗಾಗುವುದು. ಅಕ್ಕ ಬಗ್ಗಿ ನೋಡಿದಳು. ಕೈಗವಸಿನ ಬಾಯಿಂದ ಸಾಸಿವೆ ಬಣ್ಣದ ಎಳೆಯೊಂದು ಹೊರಬಂದು, ನಡುಬೆರಳಿನ ಮೊದಲ ಗೆಣ್ಣಿನ ಮೇಲೆ ಸುತ್ತಿಕೊಂಡು, ಚರ್ಮದೊಳಕ್ಕೆ ಇಳಿದಿತ್ತು. ಎಳೆಯ ಮೇಲಿನ ಬೆರಳು ಆಗಲೇ ಬಿಳುಪಾಗಿತ್ತು.

ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದಳು. ಹನ್ನೊಂದು ಕುಣಿಕೆಯ ಆ ಎಳೆ ತನ್ನ ಕೈಗೆ ಸಿಕ್ಕಾಗ ಅರೆಕ್ಷಣ ತಡೆಯಲಾಗಿರಲಿಲ್ಲ. ತಮ್ಮ ತಿರುಪು ತಿರುಗಿಸುತ್ತ, ನಾಳೆ ಹೆಡ್‌ಮೇಡಂಗೆ ಇದನ್ನು ತೋರಿಸಬೇಕು, ಅವರು ಹೊಟ್ಟೆಕಿಚ್ಚುಪಡುತ್ತಾರೆ ಎನ್ನುತ್ತಿದ್ದ. ಬೆರಳ ತುದಿ ಬಿಳುಪಿನಿಂದ ನೇರಳೆಗೆ ತಿರುಗುತ್ತಿತ್ತು. ಕೊನೆಗೆ ಆದಷ್ಟು ಸಹಜವಾಗಿ ಕೇಳಿದಳು.

"ಎಲ್ಲೂ ಬಿಗಿಯಾಗಿಲ್ಲ ತಾನೇ?"

"ಇಲ್ಲ ಕಣೇ, ಅಳತೆ ತೆಗೆದು ಹೊಲಿದ ಹಾಗಿದೆ," ಎಂದ ಅವನು, ತಲೆಯೆತ್ತದೆ.

ಅಕ್ಕ ಕತ್ತರಿ ತಂದಳು. ಹೆಣೆಯುವವರು ಹೆಣೆದದ್ದನ್ನು ಬಿಚ್ಚುತ್ತಾರೆ, ಕತ್ತರಿಸುವುದಿಲ್ಲ. ಒಂದು ಎಳೆ ಕತ್ತರಿಸಿದರೆ ಅಕ್ಕಪಕ್ಕದ ಕುಣಿಕೆಗಳೆಲ್ಲ ಒಂದರ ಹಿಂದೊಂದು ಬಿಟ್ಟುಕೊಳ್ಳುತ್ತವೆ. ಅವಳು ಅವನ ಕೈಯನ್ನು ಮೇಜಿಗೆ ಒತ್ತಿ ಹಿಡಿದು, ಕತ್ತರಿಯ ತುದಿ ಎಳೆಯ ಕೆಳಗೆ ತೂರಿಸಿ, ಕಟ್ ಎನ್ನಿಸಿದಳು. ಬೆರಳಿಗೆ ಮೆಲ್ಲಗೆ ರಕ್ತ ಮರಳಿತು. ಎಳೆಯಿದ್ದ ಜಾಗದಲ್ಲಿ ಉಂಗುರದಂಥ ಗುರುತು ಉಳಿಯಿತು.

ತಮ್ಮ ಆ ಗುರುತನ್ನು ನೋಡಿದ. ಸುಳ್ಳು ಹೇಳಲು ಇನ್ನು ಜಾಗವಿರಲಿಲ್ಲ.

"ಯಾವಾಗಿಂದ?" ಎಂದಳು ಅಕ್ಕ.

ಹೋದ ಬೇಸಿಗೆಯಿಂದ ಎಂದ. ಬೇಸಿಗೆ! ಚಳಿ ಚಳಿ ಎಂದು ತನ್ನನ್ನು ಮೂರು ವಾರ ಕುಣಿಸಿದ್ದನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಮರುಕ್ಷಣವೇ ಅಳು ಬಂತು. ಎರಡನ್ನೂ ನುಂಗಿಕೊಂಡು ಕಿಟಕಿಯವರೆಗೆ ಹೋಗಿ ಬಂದಳು. ಅವನು ಒಂದೊಂದಾಗಿ ಹೇಳಿದ. ಮೊದಲು ತೋರುಬೆರಳು, ಆಮೇಲೆ ನಡುಬೆರಳು. ಬೀಗದ ಮೊಳೆ ನಿಂತದ್ದು ತಿಳಿಯದೆ ಹೋದಾಗ ಅವನೊಂದು ಉಪಾಯ ಕಂಡುಕೊಂಡಿದ್ದ: ಕಂಬಿಯ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು. ಮೊಳೆ ನಿಂತರೆ ಹಲ್ಲಿಗೆ, ಹಲ್ಲಿಂದ ಕಿವಿಗೆ, ಒಂದು ಸಣ್ಣ ಟಿಕ್ ಬರುತ್ತದೆ. ಜನರ ಎದುರಿಗೆ ಹಾಗೆ ಮಾಡಲು ನಾಚಿಕೆ. ಅದಕ್ಕೇ ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಬೆನ್ನು ತಿರುಗಿಸಿಕೊಂಡು, ಬಾಗಿಲಿಗೆ ಮುತ್ತು ಕೊಡುವವನಂತೆ ಬಾಗಿ ಬೀಗ ತೆಗೆಯುತ್ತಿದ್ದ. ಹೆಡ್‌ಮೇಡಂ ಮಾತ್ರ ಹಿಂದೆ ಸರಿಯಲಿಲ್ಲ, ಕನ್ನಡಕ ಸರಿಮಾಡಿಕೊಂಡು ಪಕ್ಕದಲ್ಲೇ ನಿಂತಿದ್ದರು. ಅದಕ್ಕೇ ಆ ಬೀಗ ಕೊರೆಯಬೇಕಾಯಿತು.

"ನಾಳೆ ಡಾಕ್ಟರ ಹತ್ತಿರ ಹೋಗೋಣ," ಎಂದಳು ಅಕ್ಕ.

ಡಾಕ್ಟರು ಕೆಲಸ ಬಿಡು ಎಂದರೆ ಏನು ಮಾಡುವುದು ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಆ ಪ್ರಶ್ನೆ ಮೇಜಿನ ಮೇಲೆ ರೇಡಿಯೋದ ಪಕ್ಕದಲ್ಲೇ ಇತ್ತು. ಕೈಗವಸು ಕಳಚಿಟ್ಟ. ಕತ್ತರಿಸಿದ ಜಾಗದಲ್ಲಿ ಕೀಲಿಯ ಹಲ್ಲುಗಳು ಆಗಲೇ ಬಿಚ್ಚಿಕೊಳ್ಳತೊಡಗಿದ್ದವು. ಆಮೇಲೆ ಇದ್ದಕ್ಕಿದ್ದಂತೆ ಬಲಗೈಯನ್ನು ಅವಳ ಮುಂದೆ ಚಾಚಿದ.

"ಅಪ್ಪ ಕೇಳ್ತಿದ್ದ ಹಾಗೆ ಕೇಳು. ನಾನು ಕಣ್ಣು ಮುಚ್ಚುತ್ತೀನಿ, ನೀನು ಒಂದು ಬೆರಳು ಹಿಡಿ. ಯಾವುದು ಅಂತ ಸರಿಯಾಗಿ ಹೇಳಿದ್ರೆ ಡಾಕ್ಟರ ಮಾತು ಎತ್ತಬಾರದು."

ಮಕ್ಕಳಾಟ ಎಂದು ಬೈಯಲು ಬಾಯಿಗೆ ಬಂತು. ಅವನ ಮುಖ ನೋಡಿ ಬೈಯಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ, ಏಳು ವರ್ಷದವನ ಹಾಗೆ. ಅಕ್ಕ ಅವನ ತೋರುಬೆರಳನ್ನು ಹಿಡಿದಳು. ಹಿಡಿದು ಒತ್ತಿದಳು. ಇನ್ನೂ ಒತ್ತಿದಳು, ತನ್ನ ಉಗುರು ಬೆಳ್ಳಗಾಗುವಷ್ಟು. ಹೇಳೋ, ಹೇಳೋ ಎಂದು ಮನಸ್ಸಿನಲ್ಲೇ ಅಂಗಲಾಚಿದಳು.

ಬೀದಿಯಲ್ಲಿ ಒಂದು ಬಸ್ಸು ಬಂದು ನಿಂತು ಹೊರಟುಹೋಯಿತು.

"ನಡುಬೆರಳು," ಎಂದ.

ಅವನು ತಪ್ಪಿದಾಗಲೆಲ್ಲ ಚಪ್ಪಾಳೆ ತಟ್ಟಿ ಕುಣಿದವಳು ಅವಳು. ಚಿಕ್ಕಂದಿನಲ್ಲಿ ಅದಕ್ಕಾಗಿ ಅಪ್ಪನಿಂದ ಏಟೂ ತಿಂದಿದ್ದಳು. ಈಗ ಅವಳ ಕೈ ಅವಳನ್ನು ಕೇಳದೆಯೇ ತೋರುಬೆರಳನ್ನು ಬಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಎಳೆಯ ಗುರುತಿದ್ದ ಆ ನಡುಬೆರಳನ್ನು ಹಿಡಿದುಕೊಂಡಿತು. ಮೂರು ವಾರದಿಂದ ನಿಜ ಹೇಳು, ನಿಜ ಹೇಳು ಎಂದು ಅವನ ಪ್ರಾಣ ತಿಂದವಳು ತಾನೇ ಎಂಬುದು ಅವಳಿಗೆ ಆಗ ನೆನಪಾಗಲಿಲ್ಲ.

"ಸರಿ," ಎಂದಳು.

ತಮ್ಮ ಕಣ್ಣು ತೆರೆಯಲಿಲ್ಲ. ಅವನ ತುಟಿಯಂಚಿನಲ್ಲಿ ಸಣ್ಣ ನಗು ಬಂದುಹೋಯಿತು.

"ನಿನ್ನ ಕುರ್ಚಿ ಕಿರ್ ಅಂತು ಅಕ್ಕ," ಎಂದ. "ಈಗ ಬೆರಳು ಬದಲಾಯಿಸಿದೆ ನೀನು."

ಅಕ್ಕನಿಗೆ ಎದ್ದು ಹೋಗಬೇಕೆನ್ನಿಸಿತು, ಚಿಲಕ, ಒಲೆ, ಏನಾದರೊಂದು ನೋಡಿ ಬರಬೇಕೆನ್ನಿಸಿತು. ಬೆರಳು ಬಿಡಲು ಮಾತ್ರ ಆಗಲಿಲ್ಲ. ಅವನು ಕಣ್ಣು ತೆರೆದು, ಅವಳ ಮುಷ್ಟಿಯೊಳಗಿದ್ದ ತನ್ನ ಬೆರಳನ್ನು ಬೇರೆ ಯಾರದ್ದೋ ಎನ್ನುವ ಹಾಗೆ ನೋಡಿದ.

"ನಾಳೆ ಎಷ್ಟು ಹೊತ್ತಿಗೆ ಹೋಗಬೇಕು?"

"ಒಂಬತ್ತಕ್ಕೆ."

"ಸ್ವಲ್ಪ ಮುಂಚೆ ಎಬ್ಬಿಸು," ಎಂದ ತಮ್ಮ. "ಅಂಗಿಯ ಗುಂಡಿ ನೀನೇ ಹಾಕಬೇಕು."